ಸರ್ವರ್‌ನವರೇ, ದಯವಿಟ್ಟು ಎಂಪಿಟಿಸಿಪಿ ಆನ್ ಮಾಡಿ

ಮುಕ್ಕಾಲು ಭಾಗ ಅಪ್‌ಲೋಡ್ ಆಗಿದ್ದ ಫೈಲು, ಫೋನು ವೈಫೈಯಿಂದ ಮೊಬೈಲ್ ಡೇಟಾಕ್ಕೆ ಬಂದ ಕೂಡಲೇ ಮತ್ತೆ ಸೊನ್ನೆಯಿಂದ ಶುರು. ಇವತ್ತೂ ಅದನ್ನೇ ನೋಡಿ ಸಿಟ್ಟು ನೆತ್ತಿಗೇರಿದೆ. ಎಲ್ಲರೂ ಸಿಗ್ನಲ್ ಬೈಯುತ್ತಾರೆ. ತಪ್ಪು ಸಿಗ್ನಲ್ಲಿನದಲ್ಲ. ಫೋನು-ಸರ್ವರ್ ನಡುವೆ ಡೇಟಾ ಸಾಗಿಸುವ ನಿಯಮಾವಳಿ ಟಿಸಿಪಿ. ಎರಡೂ ತುದಿಯ ಐಪಿ (ನೆಟ್‌ವರ್ಕ್ ವಿಳಾಸ), ಪೋರ್ಟು (ಆ ವಿಳಾಸದ ಬಾಗಿಲ ಸಂಖ್ಯೆ) ಸೇರಿದರೆ ಒಂದು ಟಿಸಿಪಿ ಸಂಪರ್ಕ. ಫೋನಿನ ಐಪಿ ಬದಲಾಯಿತೋ, ಸಂಪರ್ಕ ಸತ್ತಿತು. ವೈಫೈ ಪೂರ್ತಿ ಹೋಗದೆ ಕ್ಷೀಣವಾಗಿ ಉಳಿದರೆ ಇನ್ನೂ ಕಷ್ಟ: ಮರುಪ್ರಯತ್ನದ ಅಂತರ ಪ್ರತಿ ಸಲ ದುಪ್ಪಟ್ಟಾಗುತ್ತಾ ಹೋಗುತ್ತದೆ, ನೀವು ಕಾಯುತ್ತಾ ಕೂರುತ್ತೀರಿ.

ಎಂಪಿಟಿಸಿಪಿ, ಅಂದರೆ ಮಲ್ಟಿಪಾತ್ ಟಿಸಿಪಿಯಲ್ಲಿ ಒಂದೇ ಸಂಪರ್ಕದ ಕೆಳಗೆ ಎರಡೂ ದಾರಿ ಇರುತ್ತವೆ. ವೈಫೈಯಲ್ಲಿ ಸಿಕ್ಕಿಬಿದ್ದ ಡೇಟಾವನ್ನು ಇನ್ನೊಂದು ದಾರಿಯಲ್ಲಿ ಮತ್ತೆ ಕಳಿಸುತ್ತದೆ, ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ. ಇದೇನು ನಿನ್ನೆ ಮೊನ್ನೆಯದಲ್ಲ. 2013ರಲ್ಲೇ ಐಓಎಸ್ 7ರ ಸಿರಿ ಬಳಸಿತು. 2017ರ ಐಓಎಸ್ 11 ಅದನ್ನು ಬೇರೆ ಆ್ಯಪ್‌ಗಳಿಗೂ ತೆರೆಯಿತು. 2020ರಲ್ಲಿ ಲಿನಕ್ಸ್ 5.6ಕ್ಕೆ ಸೇರಿತು. ಆದರೂ ಸರ್ವರ್ ನಡೆಸುವವರು ಆನ್ ಮಾಡುತ್ತಿಲ್ಲ!

ಕೆಲಸ ಎಷ್ಟು ಗೊತ್ತೇ? ಲಿನಕ್ಸ್‌ನಲ್ಲಿ ಸಾಕೆಟ್ (ಪ್ರೋಗ್ರಾಮಿನ ಸಂಪರ್ಕದ ತುದಿ) ತೆರೆಯುವಾಗ ಪ್ರೋಟೋಕಾಲ್ ಜಾಗದಲ್ಲಿ 262 ಕೊಡಬೇಕು. ಕೋಡ್ ಮುಟ್ಟಲಾಗದಿದ್ದರೆ ‘ಎಂಪಿಟಿಸಿಪೈಜ್ ರನ್’ ಅನ್ನುವ ಕಮಾಂಡ್ ಮೂಲಕ ಪ್ರೋಗ್ರಾಮ್ ಓಡಿಸಿ. ಗೋ ಭಾಷೆಯ 1.24ರಿಂದ, ಸಂಪರ್ಕಕ್ಕೆ ಕಾಯುವ ಲಿಸನರ್‌ಗಳಲ್ಲಿ ಡೀಫಾಲ್ಟಾಗೇ ಆನ್. ಹಳೆಯ ಕ್ಲೈಂಟ್ ಬಂದರೆ, ಅಥವಾ ನಡುವಿನ ಫೈರ್‌ವಾಲ್ ಎಂಪಿಟಿಸಿಪಿ ಬಳಸುವ ಟಿಸಿಪಿಯ 30ನೇ ಆಪ್ಷನ್ ಕಿತ್ತುಹಾಕಿದರೆ, ಮಾಮೂಲಿ ಟಿಸಿಪಿಯಾಗಿ ನಡೆಯುತ್ತದೆ.

ಎಡವುವುದು ಲೋಡ್ ಬ್ಯಾಲೆನ್ಸರ್ (ಬರುವ ಸಂಪರ್ಕಗಳನ್ನು ಹಲವು ಯಂತ್ರಗಳಿಗೆ ಹಂಚುವುದು) ಹತ್ತಿರ. ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ) ಅಲ್ಲೇ ಮುಗಿಯುವುದಾದರೆ ಎಂಪಿಟಿಸಿಪಿಯನ್ನೂ ಅಲ್ಲೇ ಆನ್ ಮಾಡಬೇಕು, ಹಿಂದಿನ ಯಂತ್ರದಲ್ಲಿ ಮಾಡಿ ಪ್ರಯೋಜನವಿಲ್ಲ. ಐಪಿ-ಪೋರ್ಟು ನೋಡಿ ಹಂಚುವ ಲೇಯರ್ 4 ಬ್ಯಾಲೆನ್ಸರ್ ಆದರೆ, ಎರಡನೇ ದಾರಿಯನ್ನು ಸಂಪರ್ಕಕ್ಕೆ ಸೇರಿಸಲು ಬರುವ ಜಾಯಿನ್ ಪ್ಯಾಕೆಟ್ ಬೇರೆ ಯಂತ್ರಕ್ಕೆ ಹೋಗಿಬಿಡಬಹುದು. ಪ್ಯಾಕೆಟ್‌ನಲ್ಲಿರುವ ಟೋಕನ್ (ಸಂಪರ್ಕದ ಗುರುತು) ಆ ಯಂತ್ರಕ್ಕೆ ಪರಿಚಯವಿಲ್ಲ, ರೀಸೆಟ್ ಕಳಿಸಿ ದಾರಿ ಮುಚ್ಚುತ್ತದೆ. ಇದಕ್ಕೂ ಎಂಪಿಟಿಸಿಪಿಯ ಮಾನದಂಡ ಆರ್‌ಎಫ್‌ಸಿ 8684 ಪರಿಹಾರ ಕೊಟ್ಟಿದೆ: ಮೊದಲ ವಿಳಾಸಕ್ಕೆ ಜಾಯಿನ್ ಬೇಡ ಅನ್ನುವ ಸೆಟ್ಟಿಂಗ್ ಹಾಕಿ, ಪ್ರತಿ ಯಂತ್ರವೂ ಹೊರಗಿನಿಂದ ತಲುಪಬಲ್ಲ ತನ್ನದೇ ಐಪಿಯನ್ನು ‘ಸಿಗ್ನಲ್’ ಎಂಡ್‌ಪಾಯಿಂಟ್ ಆಗಿ ತಿಳಿಸಲಿ. ಆಮೇಲೆ ನೆಟ್‌ವರ್ಕ್ ಎಣಿಕೆಗಳನ್ನು ತೋರಿಸುವ ಎನ್‌ಸ್ಟ್ಯಾಟ್ ಕಮಾಂಡ್ ನೋಡಿ. ಎಂಪಿ-ಕೇಪಬಲ್ (ಎಂಪಿಟಿಸಿಪಿ ಕೇಳಿ ಬಂದ ಸಂಪರ್ಕಗಳ) ಎಣಿಕೆ ಏರುತ್ತಿದ್ದು, ಎರಡನೇ ದಾರಿ ಹಿಡಿಯುವ ಕ್ಲೈಂಟ್‌ನಿಂದ ಪರೀಕ್ಷಿಸಿದರೂ ಜಾಯಿನ್ ಎಣಿಕೆ ಕದಲದಿದ್ದರೆ ಮೊದಲು ಬ್ಯಾಲೆನ್ಸರನ್ನೇ ಅನುಮಾನಿಸಿ.

‘ಕ್ವಿಕ್ ಬಂದಿದೆಯಲ್ಲ, ಇದೆಲ್ಲ ಯಾಕೆ?’ ಅನ್ನುತ್ತೀರಿ. ಕ್ವಿಕ್ ಅಂದರೆ ಟಿಸಿಪಿ ಬದಲು ಯುಡಿಪಿ ಅನ್ನುವ ಸರಳ ಪ್ರೋಟೋಕಾಲ್ ಮೇಲೆ ಓಡುವ ಹೊಸ ಪ್ರೋಟೋಕಾಲ್. 2021ರ ಕ್ವಿಕ್ ಒಂದು ದಾರಿಯಿಂದ ಇನ್ನೊಂದಕ್ಕೆ ಜಿಗಿಯಬಲ್ಲದು, ಎರಡರಲ್ಲೂ ಒಟ್ಟಿಗೆ ಡೇಟಾ ಸಾಗಿಸುವುದು ಆ ಆವೃತ್ತಿಯಲ್ಲಿಲ್ಲ. ಯುಡಿಪಿ ತಡೆಯುವ ಆಫೀಸ್ ನೆಟ್‌ವರ್ಕುಗಳಲ್ಲಿ ಕೊನೆಗೆ ಟಿಸಿಪಿಗೇ ಬರಬೇಕು. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್), ಐಮ್ಯಾಪ್ (ಇಮೇಲ್ ಓದುವುದು) ಇಂದಿಗೂ ಟಿಸಿಪಿ ಮೇಲೇ ಓಡುತ್ತಿವೆ.

ಆಂಡ್ರಾಯ್ಡ್ ಆ್ಯಪ್‌ಗಳಿಗೆ ಇಂಥ ಎಪಿಐ (ಆ್ಯಪ್ ಇದನ್ನು ಕೇಳಿ ಬಳಸುವ ದಾರಿ) ಇಲ್ಲ ಅನ್ನುವುದು ನಿಜವಾಗಿ ನೋವಿನ ವಿಷಯ, ನಮ್ಮಲ್ಲಿ ಬಹುಪಾಲು ಫೋನು ಅದೇ. ಆದರೆ ಸರ್ವರ್ ಇಲ್ಲ ಅಂತ ಫೋನಿನವರು, ಫೋನಿಲ್ಲ ಅಂತ ಸರ್ವರಿನವರು ಕೂತರೆ ಮುಗಿಯದು. ಖರ್ಚು ಕಡಿಮೆ ಇರುವುದು ಸರ್ವರ್ ಕಡೆ. ಈ ವಾರ ಒಂದೇ ಒಂದು ಟೆಸ್ಟ್ ಯಂತ್ರದಲ್ಲಿ ಆನ್ ಮಾಡಿ, ಎಣಿಕೆಗಳನ್ನು ಕಾಮೆಂಟಿನಲ್ಲಿ ಹಾಕಿ.