ಹಾಡು ಯಾರ ಮನೆಯಲ್ಲಿದೆ?

ಆರು ವರ್ಷಗಳ ಹಿಂದೆ ಕೊಡಗಿನ ನಾಪೋಕ್ಲು ಕಡೆಯ ಒಂದು ಮನೆಯ ಜಗಲಿಯಲ್ಲಿ ಕುಳಿತು ಅಜ್ಜನೊಬ್ಬರು ದುಡಿ ಬಾರಿಸುತ್ತಾ ಹಾಡಿದ್ದನ್ನು ನಾವು ಮೊಬೈಲ್‌ನಲ್ಲಿ ದಾಖಲಿಸಿಕೊಂಡೆವು. ಅದು ಬಾಳೋಪಾಟ್, ಕೊಡವರ ಸಾಂಪ್ರದಾಯಿಕ ಹಾಡು. ಅದನ್ನು ಹಾಡಲು ನಾಲ್ವರು ಬೇಕು. ಇಬ್ಬರು ಹಾಡಿದ ಸಾಲನ್ನು ಉಳಿದಿಬ್ಬರು ಮತ್ತೆ ಎತ್ತಿಕೊಳ್ಳುತ್ತಾರೆ. ಅವರ ಜೊತೆಗಾರರು ಮೂವರೂ ಆಗಲೇ ತೀರಿಕೊಂಡಿದ್ದರು. ಹಾಗಾಗಿ ಅಜ್ಜ ಪ್ರತಿ ಸಾಲನ್ನೂ ತಾವೇ ಎರಡೆರಡು ಸಲ ಹಾಡಿದರು. ಮುಗಿದ ಮೇಲೆ ದುಡಿಯನ್ನು ಮಡಿಲಲ್ಲಿಟ್ಟುಕೊಂಡು, "ಇದನ್ನು ಎಲ್ಲಿ ಇಡುತ್ತೀರಿ ಮಕ್ಕಳೇ?" ಎಂದು ಕೇಳಿದರು.

"ಇಂಟರ್ನೆಟ್‌ನಲ್ಲಿ ಅಜ್ಜ, ಎಲ್ಲಿಗೂ ಹೋಗುವುದಿಲ್ಲ" ಎಂದೆ.

ಹೋಯಿತು. ಕಳೆದ ಮಳೆಗಾಲದಲ್ಲಿ ಒಂದು ಜಾಲತಾಣದಲ್ಲಿದ್ದ ನಮ್ಮ ಬಳಗದ ಖಾತೆಗೆ ಬೀಗ ಬಿತ್ತು. ಯಾವ ನಿಯಮ ಮುರಿದೆವು ಎಂದು ಯಾರೂ ಹೇಳಲಿಲ್ಲ. ಎಷ್ಟು ಸಲ ಬರೆದರೂ ಒಂದೇ ಸಿದ್ಧ ಉತ್ತರ. ವರ್ಷಗಟ್ಟಲೆ ಕೂಡಿಟ್ಟ ಹಾಡು, ಕತೆ, ಚಿತ್ರಗಳು, ಅವುಗಳಿಗೆ ಕಿವಿಗೊಟ್ಟವರ ಹೆಸರುಗಳು, ಎಲ್ಲವೂ ಒಳಗೇ ಉಳಿದವು. ಸಾವಿರಾರು ಜನ ನಮ್ಮೊಂದಿಗಿದ್ದಾರೆ ಎಂದು ಬೀಗುತ್ತಿದ್ದೆವು. ಅಂದು ಫೋನ್ ಮಾಡಿ ಸುದ್ದಿ ತಿಳಿಸಲು ಕುಳಿತರೆ ನಮ್ಮ ಬಳಿ ಇದ್ದದ್ದು ಮೂವತ್ತೆಂಟು ನಂಬರುಗಳು. ಅಜ್ಜ ಅಷ್ಟರಲ್ಲಿ ಇರಲಿಲ್ಲ.

ಅವರ ಹಾಡು ಸಿಕ್ಕಿದ್ದು ಬಳಗದ ಹುಡುಗಿಯೊಬ್ಬಳ ಮನೆಯಲ್ಲಿ. ಅವಳ ಹಳೆಯ ಮೊಬೈಲ್‌ನ ಮೆಮೊರಿ ಕಾರ್ಡನ್ನು ಅವಳ ತಾಯಿ ಗುಂಡಿ, ಸೂಜಿಗಳ ಡಬ್ಬಿಯಲ್ಲಿ ಎತ್ತಿಟ್ಟಿದ್ದರು.

ಬೀಗ ಬೀಳುವುದಕ್ಕೆ ಮೊದಲೇ ನಾವು ಅರ್ಧ ಅಡಿಯಾಳಾಗಿದ್ದೆವು, ಇದನ್ನು ಒಪ್ಪಿಕೊಳ್ಳಬೇಕು. ಮಾಂದಲ್‌ಪಟ್ಟಿಯ ಮಂಜನ್ನು ಹದಿನೈದು ಸೆಕೆಂಡು ತೋರಿಸಿದರೆ ನೋಡುವವರು ಮುಗಿಬೀಳುತ್ತಿದ್ದರು. ಎರವ ಬುಡಕಟ್ಟಿನ ಹೆಣ್ಣುಮಕ್ಕಳ ಅರ್ಧ ಗಂಟೆಯ ಹಾಡನ್ನು ಕೇಳುವವರಿರಲಿಲ್ಲ. ಮೆಲ್ಲಮೆಲ್ಲನೆ ನಮ್ಮ ಹುಡುಗರೂ ಕ್ಯಾಮೆರಾ ಹಿಡಿದು ಮಂಜಿನ ಹಿಂದೆ ಹೋದರು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಅಪ್ಪಣೆಯಿಲ್ಲದೆಯೇ ವಿಧೇಯರಾಗಿದ್ದೆವು.

ಜಾಲತಾಣ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಇದನ್ನೂ ಇಲ್ಲೇ ಬರೆಯುತ್ತಿದ್ದೇನೆ. ಸಂತೆಗೆ ಹೋಗಲೇಬೇಕು. ಆದರೆ ಬಿತ್ತನೆಯ ಬೀಜವನ್ನು ಸಂತೆಯಲ್ಲೇ ಬಿಟ್ಟು ಯಾರೂ ಮನೆಗೆ ಬರುವುದಿಲ್ಲ. ಆರ್ಕುಟ್ ಎಂಬ ಜಾಲತಾಣ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಅಲ್ಲಿ ಕನ್ನಡದಲ್ಲಿ ನಡೆದ ಮಾತುಕತೆಯಲ್ಲಿ ಎಷ್ಟು ಇಂದು ನಮ್ಮ ಕೈಯಲ್ಲಿದೆ? ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ತಂದ 'ಪಟ್ಟೋಲೆ ಪಳಮೆ'ಗೆ ನೂರು ವರ್ಷ ತುಂಬಿದೆ. ಅದನ್ನು ಬಿಡಿಸಿ ಓದಲು ಇಂದಿಗೂ ಯಾರ ಅನುಮತಿಯೂ ಬೇಡ.

ಬಳಗ ಕಟ್ಟುವ ಮಾದರಿಗೆ ನಾವು ಹೊರಗೆ ನೋಡಬೇಕಾಗಿಯೂ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಹಾಕಿ ಹಬ್ಬವನ್ನು ನೋಡಿ. ಒಂದು ವರ್ಷ ಒಂದು ಒಕ್ಕ, ಅಂದರೆ ಒಂದು ಮನೆತನ, ನಡೆಸುತ್ತದೆ, ಮುಂದಿನ ವರ್ಷ ಹೊಣೆ ಮತ್ತೊಂದು ಒಕ್ಕಕ್ಕೆ. ನಡುವೆ ಕೆಲವು ವರ್ಷ ನಿಂತುಹೋದರೂ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆಯಿತು. ಹೊಣೆ ಹತ್ತಾರು ಮನೆಗಳಲ್ಲಿ ಹಂಚಿಹೋಗಿದ್ದರಿಂದಲೇ ಅದು ಉಳಿಯಿತು ಎಂದು ನಾನು ನಂಬಿದ್ದೇನೆ.

ಈಗ ನಾವೂ ಹಾಗೆಯೇ ಮಾಡುತ್ತಿದ್ದೇವೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಕಾಫಿ ಕುಯಿಲಿನ ಕಾಲದಲ್ಲಿ ಮಾತ್ರ ಬಿಡುವು. ತಲೆಗೆ ನೂರು ರೂಪಾಯಿ ಹಾಕಿ ನಮ್ಮದೇ ಒಂದು ವೆಬ್‌ಸೈಟ್ ನಡೆಸುತ್ತೇವೆ. ಹೆಸರು, ಫೋನ್ ನಂಬರು ಒಂದು ಪುಸ್ತಕದಲ್ಲಿವೆ. ದಾಖಲೆಗಳು ಮೂರು ಹಾರ್ಡ್ ಡಿಸ್ಕ್‌ಗಳಲ್ಲಿ ಮೂರು ಮನೆಗಳಲ್ಲಿವೆ. ವಿರಾಜಪೇಟೆಯಲ್ಲಿ ಒಂದು, ಸೋಮವಾರಪೇಟೆಯಲ್ಲಿ ಒಂದು, ಇನ್ನೊಂದು ಕುಶಾಲನಗರದಲ್ಲಿ. ಅಲ್ಲಿ ಮಳೆ ಕಡಿಮೆ, ಬೂಸ್ಟು ಹಿಡಿಯುವ ಭಯವಿಲ್ಲ. ಹಾಡಿದವರ ಒಪ್ಪಿಗೆಯಿಲ್ಲದೆ, ಹೆಸರಿಲ್ಲದೆ ಯಾವುದನ್ನೂ ಹೊರಗೆ ಹಾಕುವುದಿಲ್ಲ. ಇದರಲ್ಲಿ ರಾಜಿಯಿಲ್ಲ. ಎರವರ, ಜೇನುಕುರುಬರ ಹಾಡನ್ನು ಎತ್ತಿಕೊಂಡು ಹೋಗಿ ಹೆಸರು ಮಾಡಿದವರು ಸಾಕಷ್ಟಿದ್ದಾರೆ.

ಕಳೆದ ತಿಂಗಳು ಆ ಹುಡುಗಿಯ ಮನೆಯ ಸರದಿ. ಜೋರು ಮಳೆ, ಕರೆಂಟಿಲ್ಲ, ಸಿಗ್ನಲ್ಲೂ ಇಲ್ಲ. ಮೆಮೊರಿ ಕಾರ್ಡಿನಿಂದ ಅಜ್ಜನ ಹಾಡು ಹಾಕಿದೆವು. ಅವರು ಮೊದಲ ಸಲ ಹಾಡುವಾಗ ಎಲ್ಲರೂ ಸುಮ್ಮನಿದ್ದೆವು. ಅದೇ ಸಾಲನ್ನು ಅವರು ಎರಡನೆಯ ಸಲ ಎತ್ತಿಕೊಂಡಾಗ ಮೂಲೆಯಲ್ಲಿದ್ದ ಇಬ್ಬರು ಹುಡುಗರು ದನಿ ಸೇರಿಸಿದರು.