ತಗೊಳ್ಳದ ಸಾಲಕ್ಕೆ ತಗೊಂಡಿಲ್ಲವೆಂಬ ಪುರಾವೆ

ನಿಮ್ಮ ಪ್ಯಾನ್ ನಂಬರ್ ಮೇಲೆ ಬೇರೆ ಯಾರೋ ಆ್ಯಪ್‌ನಲ್ಲಿ ಸಾಲ ಎತ್ತುವುದಕ್ಕೆ ಕಾಫಿ ಆರುವಷ್ಟು ಹೊತ್ತು ಸಾಕು. ಅದು ನಿಮ್ಮದಲ್ಲ ಎಂದು ನಿಮ್ಮ ಸಾಲಚರಿತ್ರೆಯ ಕ್ರೆಡಿಟ್ ವರದಿಯಿಂದ ಅಳಿಸುವುದಕ್ಕೆ ಮಾತ್ರ 30 ದಿನದ ಗಡುವು.

ಸಂಗತಿ ಬಯಲಾಗುವುದು ಸಾಮಾನ್ಯವಾಗಿ ಮನೆಸಾಲಕ್ಕೆ ಹೋದಾಗ. ಮ್ಯಾನೇಜರು 'ಸಿಬಿಲ್ ಸ್ವಲ್ಪ ನೋಡ್ಕೊಳ್ಳಿ' ಅನ್ನುತ್ತಾರೆ. ನೋಡಿಕೊಂಡರೆ 4,800 ರೂಪಾಯಿಯ ಪರ್ಸನಲ್ ಲೋನ್. ಕೊಟ್ಟವರ ಹೆಸರು ಜನ್ಮದಲ್ಲಿ ಕೇಳಿದ್ದಲ್ಲ. ಆ್ಯಪ್‌ಗೆ ಒಂದು ಹೆಸರು, ಹಿಂದೆ ನಿಂತ ಎನ್‌ಬಿಎಫ್‌ಸಿಗೆ (ಬ್ಯಾಂಕಲ್ಲದ ಸಾಲದ ಕಂಪನಿಗೆ) ಇನ್ನೊಂದು, ವರದಿಯಲ್ಲಿ ಕಾಣುವುದು ಎರಡನೆಯದು. ಕೆಳಗೆ ತಿಂಗಳುವಾರು ಚೌಕಗಳು: 000, 000, ಆಮೇಲೆ 030, 061, 091. ಕಂತು ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ ಅದು, ಡಿಪಿಡಿ. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಮೊದಲೆರಡು ತಿಂಗಳು ಕಳ್ಳ ಕಂತು ತಪ್ಪಿಸಿಲ್ಲ, ಮರ್ಯಾದಸ್ಥ! ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸುವ ಮುಂಚೆ ಇಷ್ಟು ಸೌಜನ್ಯ ತೋರಿಸಿದ್ದು ಕಡಿಮೆ.

ಈಗ ದೂರು. ಈ ವರದಿ ತಯಾರಿಸುವ ಕ್ರೆಡಿಟ್ ಬ್ಯೂರೋಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಒಬ್ಬೊಬ್ಬರೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ತೆಗೆಸಿ, ಸಾಲದ ಪಟ್ಟಿಯಷ್ಟೇ ಅಲ್ಲ, ನಿಮ್ಮ ಹೆಸರಿನ ಸಾಲದ ಅರ್ಜಿಗಾಗಿ ಯಾರ್ಯಾರು ವರದಿ ತರಿಸಿದರು ಎನ್ನುವ ಎನ್‌ಕ್ವೈರಿ ಭಾಗವನ್ನೂ ಓದಬೇಕು. ಮುಂದೆ ಬರಲಿರುವ ಸಾಲದ ವಾಸನೆ ಮೊದಲು ಹೊಡೆಯುವುದು ಅಲ್ಲೇ. ಒಂದು ಕಡೆ ಸರಿಯಾದರೆ ಮಿಕ್ಕ ಮೂರೂ ತಾನಾಗಿ ಸರಿಹೋಗುತ್ತವೆಂದು ಸುಮ್ಮನಿರಬೇಡಿ.

ಬ್ಯೂರೋಗೆ ಡಿಸ್ಪ್ಯೂಟ್, ಅಂದರೆ ತಕರಾರು ಅರ್ಜಿ, ಹಾಕಿದಿರಿ. ಬ್ಯೂರೋ ತಾನಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನೇ ಕೇಳುತ್ತದೆ. ಅಂದರೆ ಮೋಸಹೋದ ಕಂಪನಿಯೇ ತಾನು ಮೋಸಹೋಗಿದ್ದೇನೆಯೇ ಎಂದು ತೀರ್ಪು ಕೊಡಬೇಕು. ಯಾವ ಕಂಪನಿಗೆ ಅಂಥ ಆತುರ? 'ದಾಖಲೆ ಸರಿಯಿದೆ' ಎಂಬ ಉತ್ತರ ಬಂತು. ನೀವೇ ಸಾಲಗಾರರಲ್ಲ ಎನ್ನುವುದಕ್ಕೆ ಪ್ಯಾನ್, ಆಧಾರ್ ಪ್ರತಿ ಸಹಿ ಹಾಕಿ ಕಳಿಸಿ ಎನ್ನುತ್ತಾರೆ. ಕಳ್ಳ ಕೊಟ್ಟಿದ್ದೂ ಅವೆರಡನ್ನೇ. ಸಹಿ ಮಾತ್ರ ನಿಮ್ಮ ಪಾಲಿಗೆ ಹೆಚ್ಚುವರಿ. ಕಳಿಸಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕಳಿಸಿ, ಪ್ರತಿಯ ಮೇಲೆ ಅಡ್ಡಲಾಗಿ ಯಾವ ದೂರಿಗೆ ಎಂದು ಬರೆದು ತಾರೀಖು ಹಾಕಿ.

ಅವರ ಬಾಯಿ ಕಟ್ಟುವ ಪ್ರಶ್ನೆ ಬೇರೆ ಇದೆ: ದುಡ್ಡು ಯಾವ ಖಾತೆಗೆ ಹೋಯಿತು? ಡಿಜಿಟಲ್ ಸಾಲ ಸಾಲಗಾರನ ಬ್ಯಾಂಕ್ ಖಾತೆಗೇ ಜಮೆಯಾಗಬೇಕೆಂದು ಆರ್‌ಬಿಐ 2022ರಲ್ಲೇ ಹೇಳಿದೆ. ಅರ್ಜಿ, ಕೆವೈಸಿ ಪ್ರತಿ, ಸೆಲ್ಫಿ, ಮೊಬೈಲ್ ನಂಬರ್, ಜಮೆಯಾದ ಖಾತೆ ಇಷ್ಟನ್ನೂ ಇಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಫೋನಿನಲ್ಲಿ ಸಿಗುವುದು ಸಲಹೆ: 'ಸಣ್ಣ ಮೊತ್ತ ಸಾರ್, ಕಟ್ಟಿ ಸೆಟಲ್ ಮಾಡ್ಕೊಳ್ಳಿ.' ಕಟ್ಟಿದಿರೋ, ಸಾಲ ನಿಮ್ಮದೇ ಆಯಿತು. ವರದಿಯಲ್ಲಿ 'ಸೆಟಲ್ಡ್' ಎಂಬ ಮಚ್ಚೆಯೂ ಕೂತಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ; ತೇರೆಳೆಯುವ ಕೂಲಿ ನಿಮ್ಮದು.

ಪೊಲೀಸು ದೂರಿನ ಪ್ರತಿಯೂ ಬೇಕು. ಠಾಣೆಯ ಮೊದಲ ಪ್ರಶ್ನೆ:

'ಎಷ್ಟು ದುಡ್ಡು ಹೋಯ್ತು?'

'ಹೋಗಿಲ್ಲ ಸಾರ್. ಬಂದಿದೆಯಂತೆ.'

ಇಲ್ಲಿ ಎಂಥವರಿಗೂ ಪೆನ್ನು ನಿಲ್ಲುತ್ತದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ ಎಂದು ನೀವೇ ಬರೆದುಕೊಂಡು ಹೋದರೆ ಮತ್ತೆ ಓಡುತ್ತದೆ. ಗುರುತು ಕದ್ದರೆ ಮೂರು ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ ಅನ್ನುವ ಕಲಮು ಅದು.

30 ದಿನದಲ್ಲಿ ಸರಿಯಾಗದಿದ್ದರೆ ಆರ್‌ಬಿಐನ ಸಿಎಂಎಸ್ ಎಂಬ ದೂರಿನ ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು. ಬ್ಯೂರೋಗಳೂ 2022ರಿಂದ ಅದರ ವ್ಯಾಪ್ತಿಯಲ್ಲಿವೆ. ಗಡುವು ಮೀರಿದ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಪರಿಹಾರವೂ ಉಂಟು. ಸಾಲ ಕೊಟ್ಟವರು 21 ದಿನದೊಳಗೆ ಉತ್ತರಿಸದಿದ್ದರೆ ಅವರ ಜೇಬಿನಿಂದ, ಅವರು ಉತ್ತರಿಸಿಯೂ ಬ್ಯೂರೋ ತೂಕಡಿಸಿದ್ದರೆ ಬ್ಯೂರೋ ಜೇಬಿನಿಂದ.

ಆದರೆ ದೂರು ಕೊಡುವಾಗಲೇ ನಿಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರ ತಪ್ಪಿಲ್ಲದೆ ತುಂಬಿರಬೇಕು. ಸಾಲದ 4,800 ಯಾರ ಖಾತೆಗೆ ಬಿತ್ತೋ ಕಂಪನಿ ಇನ್ನೂ ಹುಡುಕುತ್ತಿದೆ. ಪರಿಹಾರದ ನೂರಕ್ಕೆ ಒಂದಂಕಿ ತಪ್ಪಿದರೂ ಅದರ ಹೊಣೆ ನಿಮ್ಮದು.