‘ನೀವು’ ಹೋಗಿ ‘ನೀನು’ ಬಂದಾಗ

ನಾನು ಟೋಕಿಯೊಗೆ ಬಂದು 13 ವರ್ಷ ಆಯಿತು. ಊರು ಸಕಲೇಶಪುರ. ಇಲ್ಲಿ ಮನೆ ಇರುವುದು ನಿಶಿ ಕಸಾಯ್‌ನಲ್ಲಿ. ನಮ್ಮ ದೇಶದವರು ಜಾಸ್ತಿ ಇರುವ ಜಾಗ. ಆದರೆ ನಮ್ಮ ಪಕ್ಕದ ಮನೆಯಲ್ಲಿ ಇರುವವರು 78 ವರ್ಷದ ಜಪಾನಿ ಅಜ್ಜಿ. ಅವರ ಟಿವಿ ಪಕ್ಕದ ಕಪಾಟಿನ ತುಂಬ ಕೊರಿಯನ್ ಧಾರಾವಾಹಿಗಳ ಡಿವಿಡಿ. ಮೇಲಿನ ಸಾಲಿನಲ್ಲಿ, ಅಂಚು ಸವೆದು ಬಿಳಿಯಾಗಿರುವ ಡಬ್ಬಿ ‘ವಿಂಟರ್ ಸೊನಾಟಾ’ದ್ದು.

ಹೋದ ಚಳಿಗಾಲದಲ್ಲಿ ಅಮ್ಮ ಮೂರು ತಿಂಗಳು ಇಲ್ಲಿಗೆ ಬಂದಿದ್ದಳು. ನಾವು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಅವಳೊಬ್ಬಳೇ. ಒಂದು ದಿನ ಅಜ್ಜಿ ಬಂದು ಕೈಸನ್ನೆಯಲ್ಲೇ ಕರೆದುಕೊಂಡು ಹೋಗಿ ತಮ್ಮ ಕೊತಾತ್ಸುವಿನ ಮುಂದೆ ಕೂರಿಸಿದರು. ಅಡಿಯಲ್ಲಿ ಹೀಟರ್, ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಅಮ್ಮ ಕೋಡುಬಳೆ ಕೊಟ್ಟಳು, ಅವರು ಕಿತ್ತಳೆ ಸುಲಿದು ಕೊಟ್ಟರು. ಟಿವಿಯಲ್ಲಿ ಹಿಮ ಬೀಳುತ್ತಿತ್ತು. ಆಮೇಲೆ ಪ್ರತಿ ಶನಿವಾರ ನಾನು ಇಬ್ಬರ ನಡುವೆ ಕೂತು, ಜಪಾನಿ ಸಬ್‌ಟೈಟಲ್ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ರೂಢಿಯಾಯಿತು.

ನಾವು ನೋಡುತ್ತಿದ್ದ ಈ ‘ವಿಂಟರ್ ಸೊನಾಟಾ’ ಕೊರಿಯಾದ ಕೆಬಿಎಸ್ ಚಾನೆಲ್‌ನಲ್ಲಿ ಬಂದಿದ್ದು 2002ರಲ್ಲಿ. ಬರೀ 20 ಕಂತು. ಜಪಾನಿನ ಎನ್‌ಎಚ್‌ಕೆ 2003ರಲ್ಲಿ ಅದನ್ನು ಉಪಗ್ರಹ ಚಾನೆಲ್‌ನಲ್ಲಿ ಹಾಕಿತು. ಜನ ಬಿಡಲಿಲ್ಲ. 2004ರಲ್ಲಿ ಮುಖ್ಯ ಚಾನೆಲ್‌ನಲ್ಲಿ ಹಾಕಿತು. ಆಗಲೂ ಬಿಡಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಒಂದಿಷ್ಟೂ ಕತ್ತರಿಸದೆ, ಕೊರಿಯನ್ ದನಿಯಲ್ಲೇ ಮತ್ತೆ ಹಾಕಬೇಕಾಯಿತು. ನಾಯಕ ಬೇ ಯೋಂಗ್ ಜುನ್‌ಗೆ ಇಲ್ಲಿಯವರು ‘ಯೋನ್ ಸಾಮಾ’ ಅಂತ ಹೆಸರಿಟ್ಟರು. ‘ಸಾಮಾ’ ಅಂದರೆ ತುಂಬ ದೊಡ್ಡವರಿಗೆ ಕೊಡುವ ಮರ್ಯಾದೆ. ಅವನು ವಿಮಾನ ಇಳಿದಾಗ ಸಾವಿರಾರು ಜನ ಕಾದು ನಿಂತಿದ್ದರು. ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ನಮ್ಮ ಅಜ್ಜಿಯೂ ಆ ಗುಂಪಿನಲ್ಲಿದ್ದರಂತೆ. ಮುಂದಿನ ವರ್ಷ ಕೊರಿಯಾದ ಚುಂಚೊನ್ ಹತ್ತಿರ, ಧಾರಾವಾಹಿಯ ದೃಶ್ಯ ತೆಗೆದ ನಾಮಿ ದ್ವೀಪಕ್ಕೂ ಹೋಗಿ, ಮರಗಳ ಸಾಲಿನ ಆ ದಾರಿಯಲ್ಲಿ ನಡೆದು ಬಂದಿದ್ದಾರೆ. 57ನೇ ವಯಸ್ಸಿನಲ್ಲಿ ಕೊರಿಯನ್ ಅಕ್ಷರ ತಿದ್ದಲು ಕೂತರು.

ಇದು ಎಂಥ ಮಾತು ಅಂತ ತಿಳಿಯಬೇಕಾದರೆ ಹಿಂದಿನದ್ದು ಗೊತ್ತಿರಬೇಕು. 1910ರಿಂದ 1945ರವರೆಗೆ ಕೊರಿಯಾವನ್ನು ಜಪಾನ್ ಆಳಿತು. ಆ ಗಾಯ ಇನ್ನೂ ಆರಿಲ್ಲ. ಜಪಾನಿನ ಸಿನಿಮಾ, ಹಾಡುಗಳಿಗೆ ಕೊರಿಯಾ ಬಾಗಿಲು ತೆರೆಯಲು ಶುರು ಮಾಡಿದ್ದೇ 1998ರಲ್ಲಿ. “ನಮ್ಮ ಮನೆಯಲ್ಲಿ ಕೊರಿಯಾದವರ ಬಗ್ಗೆ ಒಳ್ಳೆಯ ಮಾತು ಕೇಳಿ ನಾನು ಬೆಳೆದವಳಲ್ಲ” ಅಂತ ಅಜ್ಜಿ ಒಮ್ಮೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಅಂಥ ಮನೆಯ ಹೆಣ್ಣುಮಗಳು ಆ ಜನರ ಭಾಷೆ ಕಲಿತಿದ್ದು ಒಂದು ಪ್ರೇಮಕಥೆಯಿಂದ.

ಯಾಕೆ ಹೀಗೆ? ನಟರು ಚೆಂದ, ಬಟ್ಟೆ ಚೆಂದ, ಹಿಮ ಚೆಂದ ಅಂತ ಹೇಳಿ ಮುಗಿಸುವವರಿದ್ದಾರೆ. ಚೆಂದದ ಮುಖ ಯಾವ ದೇಶದ ಟಿವಿಯಲ್ಲಿ ಇಲ್ಲ ಹೇಳಿ? ನನಗೆ ಉತ್ತರ ಸಿಕ್ಕಿದ್ದು ಅಮ್ಮನಿಗೆ ಅನುವಾದ ಮಾಡುವಾಗ.

ಕೊರಿಯನ್‌ನಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. ‘ಪಾಪ್ ಮೊಗೊಸ್ಸೊ?’ ಅಂದರೆ ‘ಊಟ ಆಯ್ತಾ?’. ಅದಕ್ಕೇ ಒಂದು ‘ಯೊ’ ಸೇರಿಸಿ ‘ಮೊಗೊಸ್ಸೊಯೊ’ ಅಂದರೆ ‘ಊಟ ಆಯ್ತಾ ರೀ?’. ನಮ್ಮ ‘ರೀ’ ಇದ್ದ ಹಾಗೆಯೇ! ಪರಿಚಯವಾಗಿ ಸ್ವಲ್ಪ ದಿನ ಕಳೆದ ಮೇಲೆ ಒಬ್ಬರು ಇನ್ನೊಬ್ಬರನ್ನು ಕೇಳುತ್ತಾರೆ: ಇನ್ನು ಏಕವಚನದಲ್ಲಿ ಮಾತಾಡೋಣವಾ? ಇದನ್ನು ಕೇಳುವುದಕ್ಕೇ ಅವರಲ್ಲಿ ಒಂದು ಮಾತಿದೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಮೊದಲ ಕಂತಿನಿಂದ ಕೊನೆಯ ಕಂತಿನವರೆಗೂ ಒಂದೇ ‘ಯು’. ಕನ್ನಡದವರಿಗೆ ಹಾಗಲ್ಲ. ‘ನೀವು’ ಇದ್ದಿದ್ದು ‘ನೀನು’ ಆಗುವ ಗಳಿಗೆ ಎಂಥದ್ದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

‘ವಿಂಟರ್ ಸೊನಾಟಾ’ದ ಇಡೀ ಕಥೆ ಈ ಬಾಲದ ಮೇಲೆ ನಿಂತಿದೆ ಅಂತ ನನಗೆ ಅನಿಸುತ್ತದೆ. ನಾಯಕಿ ಯುಜಿನ್ ಮತ್ತು ನಾಯಕ ಜುನ್‌ಸಾಂಗ್ ಶಾಲೆಯ ಗೆಳೆಯರು. ಅವರ ನಡುವೆ ‘ಹೋಗೋ ಬಾರೋ’ ಸಲಿಗೆ. ಅವನು ಅಪಘಾತದಲ್ಲಿ ಸತ್ತ ಅಂತ ಸುದ್ದಿ ಬರುತ್ತದೆ. ಹತ್ತು ವರ್ಷ ಆದ ಮೇಲೆ ಅದೇ ಮುಖದವನೊಬ್ಬ ವಿದೇಶದಿಂದ ಬರುತ್ತಾನೆ. ಹೆಸರು ಮಿನ್‌ಹ್ಯುಂಗ್. ಕೆಲಸದ ಮೇಲಿನ ಪರಿಚಯ, ಹಾಗಾಗಿ ಬಹುವಚನ. ಅದೇ ಕಣ್ಣು, ಅದೇ ನಗು. ಅವಳು ಮಾತ್ರ ‘ನೀವು’ ಅನ್ನಬೇಕು. ಅಮ್ಮ ಪ್ರತಿ ವಾರ ಅದನ್ನೇ ಕೇಳುತ್ತಿದ್ದಳು. “ಇನ್ನೂ ನೀವು ಅಂತಾನೇ ಇದ್ದಾಳೇನೋ?” ನಾನು ಹೌದು ಅನ್ನುತ್ತಿದ್ದೆ. ಅಮ್ಮ ರಜಾಯಿಯ ಅಂಚು ಹಿಡಿದು ಮಡಿಚಿ ಮಡಿಚಿ ಬಿಚ್ಚುತ್ತಿದ್ದಳು. ಕೊನೆಗೆ ಇವನೇ ಅವನು ಅಂತ ಗೊತ್ತಾಗಿ ಆ ‘ಯೊ’ ಬಿದ್ದುಹೋದಾಗ, ನಾನು ‘ನೀನು’ ಅಂದೆ. ಅಮ್ಮ ಅತ್ತಳು. ಆ ಕಡೆ, ನೂರು ಸಲ ನೋಡಿದ್ದ ಅಜ್ಜಿಯೂ ಕಣ್ಣು ಒರೆಸಿಕೊಂಡರು.

ಆ ರಾತ್ರಿ ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು: “ನಿಮ್ಮಪ್ಪ ನಲವತ್ತು ವರ್ಷ ನನ್ನನ್ನ ನೀನು ಅಂದ್ರು. ನಾನು ರೀ ಅಂದೆ. ಯಾರೂ ಯಾರನ್ನೂ ಕೇಳಿರ್ಲಿಲ್ಲ ಕಣೋ.” ಅಪ್ಪನ ಮೇಲೆ ದೂರಲ್ಲ ಅದು. ಒಳ್ಳೆಯ ಸಂಸಾರವೇ. ಆದರೆ ಯಾರಾದರೂ ಒಮ್ಮೆ ಕೇಳಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ 66ನೇ ವಯಸ್ಸಿನಲ್ಲಿ ಅನ್ನಿಸಿತು. ಜಗತ್ತಿನ ಎಷ್ಟೋ ಹೆಂಗಸರಿಗೆ ಹಾಗೆ ಅನ್ನಿಸಿದ್ದಕ್ಕೇ ಈ ಧಾರಾವಾಹಿಗಳು ಇಷ್ಟು ದೂರ ಹೋಗಿವೆ ಅನ್ನುವುದು ನನ್ನ ನಂಬಿಕೆ.

ಬರೆಯುವವರೂ ಬಹಳ ಮಟ್ಟಿಗೆ ಹೆಂಗಸರೇ. ಕಿಮ್ ಉನ್ ಸುಕ್, ಪಾರ್ಕ್ ಜಿ ಉನ್, ಹಾಂಗ್ ಅಕ್ಕತಂಗಿಯರು. ಅಲ್ಲಿನ ಜನ ನಟರ ಹೆಸರಿನಷ್ಟೇ ಇವರ ಹೆಸರನ್ನೂ ನೋಡಿ ಧಾರಾವಾಹಿ ಆರಿಸುತ್ತಾರೆ. ಪಾರ್ಕ್ ಜಿ ಉನ್ ಬರೆದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ 2019ರ ಡಿಸೆಂಬರ್‌ನಲ್ಲಿ ಶುರುವಾಗಿ 16 ಕಂತಿಗೆ ಮುಗಿಯಿತು. ಅದರಲ್ಲಿ ಉತ್ತರ ಕೊರಿಯಾದ ಸೈನಿಕ ಅಧಿಕಾರಿಯೊಬ್ಬ, ತನ್ನ ಮನೆಯಲ್ಲಿ ಅಡಗಿರುವ ದಕ್ಷಿಣದ ಹೆಣ್ಣಿಗೆ ಕಾಫಿ ಇಷ್ಟ ಅಂತ ಬೀಜ ತಂದು, ತಾನೇ ಒಲೆಯ ಮೇಲೆ ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು ಸೋಸಿ ಕೊಡುತ್ತಾನೆ. ಪ್ರೀತಿಯ ಮಾತು ಒಂದೂ ಇಲ್ಲ. ಊರಿನಲ್ಲಿ ನನ್ನ ಸ್ವಂತ ಅಜ್ಜಿ ಹಿತ್ತಲ ಒಲೆಯಲ್ಲಿ ಬೀಜ ಹುರಿಯುವಾಗ ಚಟಪಟ ಅನ್ನುತ್ತಿದ್ದ ಸದ್ದು ನನ್ನ ಕಿವಿಗೆ ಬಂತು. ಸಕಲೇಶಪುರದವನಿಗೆ ಆ ದೃಶ್ಯದ ಪರಿಮಳವೂ ಬರುತ್ತದೆ. ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಅನ್ನುವ ಪುಟ್ಟ ಹಳ್ಳಿಯಲ್ಲಿ, ಸರೋವರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಇದೇ ಧಾರಾವಾಹಿಯ ಒಂದು ದೃಶ್ಯ ತೆಗೆದಿದ್ದರು. ಅಲ್ಲಿಗೆ ಬರುವ ಜನ ಎಷ್ಟಾದರು ಅಂದರೆ, ಆ ಕಟ್ಟೆಗೆ ಕಾಲಿಡಲು ಊರಿನವರು 5 ಫ್ರಾಂಕ್ ವಸೂಲಿ ಮಾಡುವ ಗೇಟ್ ಹಾಕಿದರು.

ಈಗ ನಮ್ಮ ಕಡೆ ನೋಡಿ. ನಾನು ಕನ್ನಡ ಧಾರಾವಾಹಿಗಳನ್ನು ಹೀಗಳೆಯುವವನಲ್ಲ. ಪರದೇಶದಲ್ಲಿ ಮನೆಯೊಳಗೆ ಕನ್ನಡದ ದನಿ ತುಂಬಿಸಿದ್ದು ಅವೇ. ಆದರೆ ‘ಅಗ್ನಿಸಾಕ್ಷಿ’ 2013ರಲ್ಲಿ ಶುರುವಾಗಿ 2020ರಲ್ಲಿ ಮುಗಿಯಿತು. ಆರು ವರ್ಷ ಒಂದು ಪ್ರೀತಿಯನ್ನು ಎಳೆಯಬೇಕಾದರೆ ಬರೆಯುವವರು ಏನು ಮಾಡಬೇಕು? ನಡುವೆ ಒಬ್ಬಳು ಖಳನಾಯಕಿ ಬೇಕು. ಅವಳ ಸಂಚು ಬೇಕು. ದಿನಕ್ಕೊಂದು ಕಂತು, ವಾರಕ್ಕೊಂದು ಟಿಆರ್‌ಪಿ. ‘ನೀವು’ ‘ನೀನು’ ಆಗುವ ತನಕ ಕಾಯುವ ವ್ಯವಧಾನ ಆ ಗಡಿಬಿಡಿಯಲ್ಲಿ ಎಲ್ಲಿಂದ ಬರಬೇಕು? ಕೊರಿಯಾದಲ್ಲೂ ನೂರಾರು ಕಂತಿನ, ಅತ್ತೆ ಸೊಸೆಯ ಧಾರಾವಾಹಿಗಳಿವೆ. ಅವು ಹೆಚ್ಚಾಗಿ ಮನೆಯಲ್ಲೇ ಉಳಿದವು. ಊರೂರು ಸುತ್ತಿದ್ದು ಹೆಚ್ಚಿನಂಶ ವಾರಕ್ಕೆರಡರಂತೆ ಬಂದು ಎರಡು ತಿಂಗಳಲ್ಲಿ ಮುಗಿಯುವ ಕಥೆಗಳು. ಮುಗಿಯುತ್ತದೆ ಅಂತ ಗೊತ್ತಿರುವುದರಿಂದ ಬರೆಯುವವರಿಗೆ ಧೈರ್ಯ, ನೋಡುವವರಿಗೆ ನೆಮ್ಮದಿ.

ಅವರದ್ದೆಲ್ಲ ಸರಿ ಅಂತಲ್ಲ. ಮರೆವು, ಅಪಘಾತ, ಕೋಟ್ಯಧಿಪತಿಯ ಮಗ ಅಲ್ಲೂ ಸಾಕಷ್ಟು. ಹಳೆಯವುಗಳಲ್ಲಿ ನಾಯಕ ಹುಡುಗಿಯ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗುವುದನ್ನೇ ಪ್ರೀತಿ ಅಂತ ತೋರಿಸಿದರು. ನನಗೆ ಅದು ಇಷ್ಟವಿಲ್ಲ. ಇನ್ನು ನಿಜವಾದ ಕೊರಿಯಾದಲ್ಲಿ ಮದುವೆಯೇ ಬೇಡ ಅನ್ನುವ ಹುಡುಗಿಯರು ಬಹಳ ಇದ್ದಾರೆ. 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಹೆಣ್ಣಿಗೆ 0.72 ಮಗು. ಕಾಫಿ ಹುರಿದು ಕೊಡುವ ಗಂಡು ಮನೆಮನೆಯಲ್ಲಿ ಇದ್ದಿದ್ದರೆ ಆ ಪಾತ್ರವನ್ನು ಬರೆಯಬೇಕಾಗಿಯೂ ಇರಲಿಲ್ಲ ಅಲ್ವಾ?

ನನ್ನ ಆಸೆ ಸಣ್ಣದು. ನಮ್ಮಲ್ಲೂ ಯಾರಾದರೂ 16 ಕಂತಿನ ಒಂದು ಪ್ರೇಮಕಥೆ ಬರೆಯಲಿ. ‘ರೀ’ ಇದೆ, ‘ಕಣೋ’ ಇದೆ, ‘ಕಣೇ’ ಇದೆ. ಮಾತಿನ ಬಾಲದಲ್ಲೇ ಹತ್ತಿರ ದೂರ ತೋರಿಸುವ ಭಾಷೆ ನಮ್ಮದು. ಜಪಾನಿ ಸಬ್‌ಟೈಟಲ್‌ನಿಂದ ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೇ ಅಮ್ಮ ಅಷ್ಟು ಕರಗಿದಳು. ಕನ್ನಡದಲ್ಲೇ ಹುಟ್ಟಿದ ಕಥೆಗೆ ಹೇಗಿರಬೇಡ?

ವೀಸಾ ಮುಗಿದು ಅಮ್ಮ ಹೊರಟಾಗ ಇನ್ನೂ ನಾಲ್ಕು ಕಂತು ಉಳಿದಿದ್ದವು. ಹಾಗಾಗಿ ಭಾನುವಾರ ಇಲ್ಲಿ ರಾತ್ರಿ ಎಂಟು, ಅಲ್ಲಿ ಸಂಜೆ ನಾಲ್ಕೂವರೆಗೆ ವಿಡಿಯೊ ಕಾಲ್ ಹಾಕಿ, ಮೊಬೈಲನ್ನು ಟಿವಿ ಕಡೆ ತಿರುಗಿಸಿ ಇಡುತ್ತೇನೆ. ಶುರು ಮಾಡುವ ಮುಂಚೆ ಅಜ್ಜಿ, ನಾನು ಕಲಿಸಿಕೊಟ್ಟ ಹಾಗೆ, ತಲೆ ಬಾಗಿಸಿ “ಊಟ ಆಯ್ತಾ ರೀ?” ಅನ್ನುತ್ತಾರೆ. ಹೋದ ವಾರ ಅಮ್ಮ ನನಗೆ ಹೇಳಿದಳು: “ಅವರು ನನಗಿಂತ ದೊಡ್ಡವರು ಕಣೋ. ರೀ ಬೇಡ, ಬಿಟ್ಟುಬಿಡಿ ಅಂತ ಹೇಳು.” ನಾನು ಜಪಾನಿಯಲ್ಲಿ ಹೇಳಿದೆ. ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಮೊಬೈಲ್ ಹತ್ತಿರ ಬಗ್ಗಿ, ಮೆಲ್ಲಗೆ “ಊಟ ಆಯ್ತಾ?” ಅಂದರು.